ಶೇಕ್ ಕುಡಿದರೆ ತೂಕ ಇಳಿಯುತ್ತದೆಯೇ? ಇಳಿದ ಮೇಲೆ ಏನು?

ಬಸವೇಶ್ವರನಗರ, ಕಮಲಾನಗರ, ಕುರುಬರಹಳ್ಳಿಯ ಅಡ್ಡರಸ್ತೆಗಳಲ್ಲಿ ಈಗ ನ್ಯೂಟ್ರಿಷನ್ ಕ್ಲಬ್‌ಗಳು ಕಾಣಸಿಗುತ್ತವೆ. ಯಾವುದೋ ಮನೆಯ ನೆಲಮಹಡಿಯ ಒಂದು ಕೋಣೆ, ಬಾಗಿಲಿಗೆ ಪರದೆ, ಒಳಗೆ ತೂಕದ ಯಂತ್ರ, ಗೋಡೆಯ ಮೇಲೆ ‘ಮೊದಲು ಹೀಗಿದ್ದರು, ಈಗ ಹೀಗಿದ್ದಾರೆ’ ಎನ್ನುವ ಜೋಡಿ ಫೋಟೋಗಳು. ಬೆಳಗಿನ ವಾಕಿಂಗ್ ಮುಗಿಸಿದವರು ಅಲ್ಲಿ ಕುಳಿತು ಒಂದು ಲೋಟ ಅಲೋವೆರಾ ನೀರು, ಆಮೇಲೆ ಚಹಾದಂಥ ಬಿಸಿ ಪಾನೀಯ, ಕೊನೆಗೆ ಗಟ್ಟಿಯಾದ ಶೇಕ್ ಕುಡಿದು ಮನೆಗೆ ಹೋಗುತ್ತಾರೆ. ಅದೇ ಅವರ ಬೆಳಗಿನ ತಿಂಡಿ. ಕ್ಲಬ್ಬಿಗೆ ಹೋಗಲು ಸಂಕೋಚಪಡುವ ನಮ್ಮ ಹೆಣ್ಣುಮಕ್ಕಳು ಆನ್‌ಲೈನ್‌ನಲ್ಲಿ ಡಬ್ಬ ತರಿಸಿಕೊಳ್ಳುತ್ತಾರೆ.

ಚಿಕಿತ್ಸೆಗೆ ಬಂದವರು ಬಾಗಿಲ ಬಳಿ ನಿಂತು, ಹೊರಡುವಾಗ ಕೇಳುವ ಪ್ರಶ್ನೆ ಇದು: “ಡಾಕ್ಟ್ರೇ, ಶೇಕ್ ಕುಡೀಬಹುದಾ?” ಹೌದು ಅಥವಾ ಇಲ್ಲ ಎಂಬ ಒಂದು ಮಾತು ಅವರಿಗೆ ಬೇಕು. ಆದರೆ ನಿಕಾಹ್‌ಗೆ ಮುಂಚೆ ಐದು ಕಿಲೋ ಇಳಿಸಬೇಕೆಂದು ಹೊರಟ ಇಪ್ಪತ್ತೆರಡರ ಹುಡುಗಿಗೆ ಇರುವ ಉತ್ತರ ಬೇರೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವ ಅವಳ ಅಮ್ಮಿಗೆ ಇರುವ ಉತ್ತರ ಬೇರೆ. ಅಮ್ಮಿಯ ವಿಷಯದಲ್ಲಿ ಅವಸರ ಮಾಡಿದರೆ ಪ್ರಾಣಕ್ಕೇ ಅಪಾಯ ಬರಬಹುದು. ಆದ್ದರಿಂದ ಬಾಗಿಲ ಬಳಿ ಹೇಳಲಾಗದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಶೇಕ್‌ನೊಳಗೆ ಏನಿದೆ?

ಇಂಥ ಪುಡಿಗಳಲ್ಲಿ ಮುಖ್ಯವಾಗಿ ಇರುವುದು ಸೋಯಾ ಅಥವಾ ಹಾಲಿನಿಂದ ತೆಗೆದ ಪ್ರೊಟೀನ್, ಒಂದಿಷ್ಟು ಸಕ್ಕರೆ ಅಥವಾ ಸಿಹಿಕಾರಕ, ಸ್ವಲ್ಪ ನಾರು, ಕೃತಕ ಸುವಾಸನೆ, ಮೇಲಿನಿಂದ ಸೇರಿಸಿದ ವಿಟಮಿನ್ ಮತ್ತು ಖನಿಜಗಳು. ಕೊಬ್ಬನ್ನು ಕರಗಿಸುವ ವಿಶೇಷ ವಸ್ತು ಯಾವುದೂ ಇದರಲ್ಲಿಲ್ಲ. ತೂಕ ಇಳಿಯುವುದು ಲೆಕ್ಕದ ಕಾರಣದಿಂದ. ನಂದಿನಿಯ ನೀಲಿ ಪ್ಯಾಕೆಟ್ ಹಾಲು 250 ಮಿಲಿಲೀಟರ್‌ನಲ್ಲಿ ಸುಮಾರು 145 ಕ್ಯಾಲೊರಿ ಇದೆ. ಅದಕ್ಕೆ ಪುಡಿ ಬೆರೆಸಿದರೆ ಒಂದು ಲೋಟ ಶೇಕ್ 250 ಕ್ಯಾಲೊರಿಯ ಆಚೀಚೆ ಬರುತ್ತದೆ. ಬೆಳಿಗ್ಗೆ ಮೂರು ಪರೋಟ, ಖೀಮಾ, ಸಕ್ಕರೆ ಹಾಕಿದ ಎರಡು ಲೋಟ ಚಹಾ ಸೇವಿಸುತ್ತಿದ್ದವರು ಆ ಜಾಗದಲ್ಲಿ ಶೇಕ್ ಕುಡಿದರೆ ದಿನಕ್ಕೆ ನಾಲ್ಕೈದು ನೂರು ಕ್ಯಾಲೊರಿ ಕಡಿಮೆಯಾಗುತ್ತದೆ. ತಿಂಗಳಾದ ಮೇಲೆ ತೂಕದ ಯಂತ್ರ ಅದನ್ನು ತೋರಿಸುತ್ತದೆ. ಶೇಕ್‌ನ ಜೊತೆಗೆ ಪರೋಟವನ್ನೂ ತಿಂದರೆ ತೂಕ ಏರುತ್ತದೆ. ‘ಶೇಕ್ ಕುಡಿದೂ ದಪ್ಪವಾದೆ’ ಎನ್ನುವವರಲ್ಲಿ ಹೆಚ್ಚಿನವರು ಊಟದ ಬದಲಿಗೆ ಕುಡಿಯದೆ ಊಟದ ಜೊತೆಗೆ ಕುಡಿದವರು.

ಮೊದಲ ವಾರದಲ್ಲೇ ಒಂದೂವರೆ, ಎರಡು ಕಿಲೋ ಇಳಿದಾಗ ಜನ ಬೆರಗಾಗುತ್ತಾರೆ. ಕೋಚ್ ಚಪ್ಪಾಳೆ ತಟ್ಟಿಸುತ್ತಾರೆ. ಅದು ಬಹುಪಾಲು ನೀರು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಇರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟ ಕಡಿಮೆಯಾದಾಗ ಆ ದಾಸ್ತಾನು ಖರ್ಚಾಗಿ ನೀರು ಹೊರಗೆ ಹೋಗುತ್ತದೆ. ಒಂದು ವಲೀಮಾ ಊಟದಲ್ಲಿ ಆ ಎರಡು ಕಿಲೋ ವಾಪಸ್ ಬರುವುದೂ ಇದೇ ಕಾರಣಕ್ಕೆ.

ಸಂಶೋಧನೆ ಹೇಳುವುದೇನು?

ನಾನು ಯುನಾನಿ ವೈದ್ಯ ಎಂದ ಮಾತ್ರಕ್ಕೆ ಶೇಕ್‌ಗಳನ್ನು ತಳ್ಳಿಹಾಕುತ್ತೇನೆ ಎಂದುಕೊಳ್ಳಬೇಡಿ. ಅವುಗಳ ಪರವಾಗಿ ಗಟ್ಟಿಯಾದ ಪುರಾವೆ ಇದೆ. ಬ್ರಿಟನ್ನಿನಲ್ಲಿ ನಡೆದ ‘ಡೈರೆಕ್ಟ್’ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಟೈಪ್ 2 ಸಕ್ಕರೆ ಕಾಯಿಲೆ ಶುರುವಾಗಿ ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ ರೋಗಿಗಳು ಅದರಲ್ಲಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಮೂರರಿಂದ ಐದು ತಿಂಗಳು ಮಾಮೂಲಿ ಊಟವನ್ನೇ ನಿಲ್ಲಿಸಿ, ದಿನಕ್ಕೆ ಸುಮಾರು 850 ಕ್ಯಾಲೊರಿಯ ಶೇಕ್ ಮತ್ತು ಸೂಪ್ ಮಾತ್ರ ಕೊಟ್ಟರು. ಒಂದು ವರ್ಷದ ಕೊನೆಗೆ ಅವರಲ್ಲಿ ನೂರಕ್ಕೆ 46 ಮಂದಿಯ ಸಕ್ಕರೆ, ಮಾತ್ರೆಯಿಲ್ಲದೆಯೇ ಮಧುಮೇಹದ ಮಟ್ಟದಿಂದ ಕೆಳಗಿತ್ತು. ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಹಾಗಾದದ್ದು ನೂರಕ್ಕೆ 4 ಮಂದಿಗೆ. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ನೂರಕ್ಕೆ 86 ಮಂದಿಗೆ ಈ ಲಾಭ ಸಿಕ್ಕಿತು.

ನಮಗೆ ಇನ್ನೂ ಹತ್ತಿರದ ಅಧ್ಯಯನ ಕತಾರ್‌ನದು. ‘ಡಯಾಡೆಮ್’ ಎಂಬ ಹೆಸರಿನ ಆ ಅಧ್ಯಯನದಲ್ಲಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕ ಮೂಲದ, 18ರಿಂದ 50 ವರ್ಷದೊಳಗಿನ, ಕಾಯಿಲೆ ಶುರುವಾಗಿ ಮೂರು ವರ್ಷ ಮೀರದ ರೋಗಿಗಳಿದ್ದರು. ಕಬ್ಸಾ, ಖರ್ಜೂರ, ಸಿಹಿ ಚಹಾದ ನಾಡಿನವರು. ಅಲ್ಲಿ ಮೂರು ತಿಂಗಳು ಶೇಕ್, ಆಮೇಲಿನ ಮೂರು ತಿಂಗಳು ನಿಧಾನವಾಗಿ ಊಟಕ್ಕೆ ಮರಳುವ ತರಬೇತಿ. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದು ವರ್ಷದಲ್ಲಿ ಸರಾಸರಿ 12 ಕಿಲೋ ತೂಕ ಇಳಿದಿತ್ತು. ನೂರಕ್ಕೆ 61 ಮಂದಿಯ ಸಕ್ಕರೆ ಕಾಯಿಲೆ ಹಿಂದೆ ಸರಿದಿತ್ತು.

ಕ್ಲಬ್ಬಿನ ಗೋಡೆಯ ಮೇಲೆ ಇಂಥ ಅಂಕಿಗಳನ್ನು ಅಂಟಿಸುವುದು ಸುಲಭ. ಆದರೆ ಈ ಅಧ್ಯಯನಗಳಲ್ಲಿ ನಡೆದ ಇನ್ನೊಂದಿಷ್ಟು ಸಂಗತಿಗಳನ್ನು ಅಲ್ಲಿ ಯಾರೂ ಬರೆಯುವುದಿಲ್ಲ. ‘ಡೈರೆಕ್ಟ್’ನಲ್ಲಿ ಶೇಕ್ ಶುರುವಾದ ದಿನವೇ ಸಕ್ಕರೆ ಕಾಯಿಲೆಯ ಮತ್ತು ಬಿ.ಪಿ.ಯ ಮಾತ್ರೆಗಳನ್ನು ವೈದ್ಯರು ನಿಲ್ಲಿಸಿದ್ದರು. ಅಗತ್ಯ ಬಿದ್ದವರಿಗೆ ಮತ್ತೆ ಶುರುಮಾಡುವ ಏರ್ಪಾಡು ಇತ್ತು. ತರಬೇತಿ ಪಡೆದ ನರ್ಸ್ ಅಥವಾ ಆಹಾರ ತಜ್ಞರು ಕ್ರಮವಾಗಿ ನೋಡುತ್ತಿದ್ದರು. ಶೇಕ್ ನಿಲ್ಲಿಸುವಾಗ ಊಟವನ್ನು ಎರಡರಿಂದ ಎಂಟು ವಾರಗಳಲ್ಲಿ ಒಂದೊಂದೇ ಹೊತ್ತಾಗಿ ಮರಳಿ ಕೊಟ್ಟರು. ಅಷ್ಟೆಲ್ಲ ಮಾಡಿಯೂ ಎರಡನೇ ವರ್ಷಕ್ಕೆ 46 ಎಂಬುದು 36ಕ್ಕೆ ಇಳಿಯಿತು. ತೂಕ ಮರಳಿ ಬಂದವರಿಗೆ ಸಕ್ಕರೆಯೂ ಮರಳಿತು.

ಅಂದರೆ ಶೇಕ್‌ನಿಂದ ತೂಕ ಇಳಿಸಬಹುದು ಎಂಬುದು ನಿಜ. ಇಳಿದ ತೂಕ ನಿಲ್ಲುವುದು, ಶೇಕ್ ನಿಲ್ಲಿಸಿದ ಮರುದಿನ ನೀವು ಏನು ತಿನ್ನುತ್ತೀರಿ ಎಂಬುದರ ಮೇಲೆ. ಡಬ್ಬ ಅದನ್ನು ಕಲಿಸುವುದಿಲ್ಲ.

ಇಬ್ನ್ ಸೀನಾ ಬರೆದದ್ದು

ಯುನಾನಿಯಲ್ಲಿ ಅತಿಯಾದ ಬೊಜ್ಜಿಗೆ ‘ಸಮನೆ ಮುಫ್ರಿತ್’ ಎನ್ನುತ್ತಾರೆ. ಬಲ್ಗಮ್, ಅಂದರೆ ಕಫ ಹೆಚ್ಚಾಗಿ ಶರೀರದ ಮಿಝಾಜ್ ತಂಪು ಮತ್ತು ತೇವದ ಕಡೆಗೆ ವಾಲಿದ ಸ್ಥಿತಿ ಎಂದು ಅದನ್ನು ವಿವರಿಸುತ್ತಾರೆ. ಹಿಜರಿ 428ರಲ್ಲಿ, ಅಂದರೆ ಕ್ರಿ.ಶ. 1037ರಲ್ಲಿ ನಿಧನರಾದ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್ ಫಿತ್ತಿಬ್ಬ್’ನಲ್ಲಿ ಇದರ ಚಿಕಿತ್ಸೆಯ ಬಗ್ಗೆ ಬರೆದಿದ್ದಾರೆ. ಅವರ ಸಲಹೆ ಸರಳ: ಪ್ರಮಾಣದಲ್ಲಿ ದೊಡ್ಡದಾಗಿದ್ದು ಪೋಷಣೆಯಲ್ಲಿ ಹಗುರವಾಗಿರುವ ಆಹಾರ ಕೊಡಿ, ಊಟಕ್ಕೆ ಮೊದಲು ಸ್ನಾನ ಮಾಡಿಸಿ, ಕಠಿಣ ವ್ಯಾಯಾಮ ಮಾಡಿಸಿ. ಯುನಾನಿ ವಿದ್ಯಾರ್ಥಿಗಳು ಇದನ್ನು ‘ಕಸೀರುಲ್ ಕಮ್ಮಿಯತ್, ಕಲೀಲುತ್ ತಗ್ಝಿಯಾ’ ಎಂದು ಬಾಯಿಪಾಠ ಮಾಡುತ್ತಾರೆ. ಹೊಟ್ಟೆ ತುಂಬಬೇಕು, ಮೈಗೆ ಸೇರುವುದು ಕಡಿಮೆ ಇರಬೇಕು. ಸೊಪ್ಪು, ಸೋರೆಕಾಯಿ, ಹೀರೆಕಾಯಿ, ಮೂಲಂಗಿ, ಸೌತೆಕಾಯಿ, ಸಿಪ್ಪೆ ಸಹಿತ ಕಾಳುಗಳು ಈ ಗುಂಪಿಗೆ ಸೇರುತ್ತವೆ.

ಶೇಕ್ ಇದಕ್ಕೆ ನೇರ ವಿರುದ್ಧ. ಪ್ರಮಾಣ ಕಡಿಮೆ, ಪೋಷಣೆ ದಟ್ಟ. ಎರಡು ನಿಮಿಷದಲ್ಲಿ ಗಂಟಲಿಳಿಯುತ್ತದೆ, ಹಲ್ಲಿಗೆ ಕೆಲಸವಿಲ್ಲ. ದ್ರವ ಆಹಾರ ಘನ ಆಹಾರಕ್ಕಿಂತ ಬೇಗ ಜಠರವನ್ನು ಬಿಟ್ಟು ಹೋಗುತ್ತದೆ. ಅಗಿಯುವ ಹೊತ್ತಿನಲ್ಲಿ ಮೆದುಳಿಗೆ ಸಿಗುವ ‘ಸಾಕು’ ಎಂಬ ಸಂದೇಶವೂ ಸಿಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಶೇಕ್ ಕುಡಿದವರು ಹನ್ನೊಂದಕ್ಕೆ ಬೇಕರಿಯ ಎದುರು ನಿಲ್ಲುವುದನ್ನು ಇಚ್ಛಾಶಕ್ತಿಯ ದೋಷ ಎಂದು ನಾನು ಬೈಯುವುದಿಲ್ಲ. ಅದು ಜಠರದ ಸ್ವಭಾವ.

ಇಲ್ಲೇ ಒಂದು ಮಾತು. ಯುನಾನಿಯ ಹೆಸರಿನಲ್ಲಿ ‘ಮೋಟಾಪಾ ಪುಡಿ’ಗಳನ್ನು ಮಾರುವವರೂ ಇದ್ದಾರೆ. ಓಮ, ಜೀರಿಗೆ, ಲುಕ್ ಮಗ್‌ಸೂಲ್ ಮುಂತಾದವು ಸೇರುವ ಸಫೂಫೆ ಮುಹಝ್ಝಿಲ್ ನಮ್ಮ ಶಾಸ್ತ್ರದಲ್ಲಿದೆ, ನಾವೂ ಕೊಡುತ್ತೇವೆ. ಆದರೆ ಪಥ್ಯವಿಲ್ಲದೆ ಅದನ್ನು ನುಂಗಿ ತೂಕ ಇಳಿದವರನ್ನು ನಾನು ಕಂಡಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಪುಡಿ ಕಳಿಸುವ ಹಕೀಮರಿಗೂ ಶೇಕ್ ಮಾರುವ ಕೋಚ್‌ಗೂ ವ್ಯತ್ಯಾಸವೇನೂ ಇಲ್ಲ. ಹಾಗೆಯೇ ತಲ್ಬೀನ. ಆಯಿಶಾ(ರ) ರೋಗಿಗಳಿಗೆ ಮತ್ತು ದುಃಖದಲ್ಲಿರುವವರಿಗೆ ಈ ಬಾರ್ಲಿ ಗಂಜಿಯನ್ನು ಕೊಡಲು ಹೇಳುತ್ತಿದ್ದರೆಂದು ಬುಖಾರಿಯಲ್ಲಿ ಬಂದಿದೆ. ತೂಕ ಇಳಿಸಲು ಎಂದು ಬಂದಿಲ್ಲ. ಸಕ್ಕರೆ, ಹಾಲಿನ ಪುಡಿ ಬೆರೆಸಿ ‘ಸುನ್ನತ್ ಡಯಟ್ ಶೇಕ್’ ಎಂದು ಡಬ್ಬದ ಮೇಲೆ ಅಚ್ಚು ಹಾಕಿಸಿದರೆ ಅದರ ಕ್ಯಾಲೊರಿ ಕಡಿಮೆಯಾಗುವುದಿಲ್ಲ.

ಮಾತ್ರೆ ನುಂಗುವವರು ಇದನ್ನು ತಪ್ಪದೆ ಓದಿ

ಒಬ್ಬ ಮಹಿಳೆ, ನಲವತ್ತೆಂಟು ವರ್ಷ, ನಾಡಿ ಪರೀಕ್ಷೆಗೆಂದು ಮಗಳ ಜೊತೆ ಬಂದಿದ್ದರು. ಎರಡು ವಾರದಿಂದ ಫಜ್ರ್‌ಗೆ ಏಳುವ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಎದೆ ಡವಡವ. ಮನೆಯವರು ಹೃದಯದ ತೊಂದರೆ ಎಂದು ಹೆದರಿ ಇ.ಸಿ.ಜಿ. ಮಾಡಿಸಿದ್ದರು; ಸರಿಯಾಗಿತ್ತು. ಅಕ್ಕಪಕ್ಕದವರು ನಝರ್ ಎಂದರು. ಅವರ ಮಾತ್ರೆಯ ಚೀಟಿ ನೋಡಿದೆ: ಬೆಳಿಗ್ಗೆ, ರಾತ್ರಿ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ರಾತ್ರಿ ಊಟಕ್ಕೆ ಏನು ಎಂದು ಕೇಳಿದಾಗ ಮಗಳು ಹೇಳಿದಳು, “ಅಮ್ಮಿ ಈಗ ರಾತ್ರಿ ಊಟ ಮಾಡಲ್ಲ ಡಾಕ್ಟ್ರೇ, ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಶೇಕ್.” ಮರುದಿನ ಆ ಹೊತ್ತಿನಲ್ಲೇ ಗ್ಲುಕೋಮೀಟರ್‌ನಲ್ಲಿ ನೋಡಿದಾಗ ಸಕ್ಕರೆ 52.

ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಮತ್ತು ಇನ್ಸುಲಿನ್, ನೀವು ಎಷ್ಟು ಉಂಡಿದ್ದೀರಿ ಎಂದು ಕೇಳುವುದಿಲ್ಲ. ಮುದ್ದೆ, ಚಪಾತಿ, ಅನ್ನ ಉಣ್ಣುತ್ತಿದ್ದ ಕಾಲಕ್ಕೆ ಲೆಕ್ಕ ಹಾಕಿ ಕೊಟ್ಟ ಪ್ರಮಾಣ ಅದು. ಊಟ ಅರ್ಧವಾಗಿ ಮಾತ್ರೆ ಹಾಗೇ ಉಳಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ನಿದ್ದೆಯಲ್ಲಿ ಕುಸಿದರೆ ಎಚ್ಚರವೇ ಆಗದಿರಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಈ ಭಯ ತೀರಾ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳದ್ದು ಬೇರೆ ಬಗೆಯ ಅಪಾಯ. ಪಿಷ್ಟ ಪದಾರ್ಥವನ್ನು ಒಮ್ಮೆಲೇ ತೀರಾ ಕಡಿಮೆ ಮಾಡಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರಿಕೊಳ್ಳಬಹುದು. ಸಕ್ಕರೆಯ ಮಟ್ಟ ತುಂಬ ಏರಿರದಿದ್ದರೂ ವಾಂತಿ, ಹೊಟ್ಟೆನೋವು, ಏದುಸಿರು ಬರುತ್ತದೆ. ಆಗ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಹಾಗಾಗಿ ಸಕ್ಕರೆ ಕಾಯಿಲೆಯವರು ಶೇಕ್ ಶುರುಮಾಡುವ ಮೊದಲು, ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿ ಹೋಗಿ ಪ್ರಮಾಣ ಬದಲಿಸಿಕೊಳ್ಳಬೇಕು. ಕ್ಲಬ್ಬಿನ ಕೋಚ್ ‘ಶುಗರ್ ಮಾತ್ರೆ ಬಿಟ್ಟುಬಿಡಿ’ ಎಂದು ಹೇಳಬಾರದು. ನಾನೂ ಬೇರೆಯವರು ಬರೆದ ಇನ್ಸುಲಿನ್ನನ್ನು ಅವರ ಜೊತೆ ಮಾತನಾಡದೆ ಬದಲಿಸುವುದಿಲ್ಲ. ಬೆವರು, ನಡುಕ ಬಂದು ಗ್ಲುಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಹಾ ಚಮಚೆ ಸಕ್ಕರೆ ಬೆರೆಸಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಥೈರಾಯ್ಡ್ ಮಾತ್ರೆಯದು ಯಾರೂ ಗಮನಿಸದ ವಿಷಯ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಬೆಳಿಗ್ಗೆ ಎದ್ದು ಥೈರಾಕ್ಸಿನ್ ಮಾತ್ರೆ ನುಂಗಿ ಅರ್ಧ ಗಂಟೆಯಲ್ಲಿ ಶೇಕ್ ಕುಡಿಯುತ್ತಾರೆ. ಶೇಕ್‌ನಲ್ಲಿರುವ ಸೋಯಾ, ಕ್ಯಾಲ್ಸಿಯಂ, ಕಬ್ಬಿಣಾಂಶ ಆ ಮಾತ್ರೆಯನ್ನು ಕರುಳು ಹೀರದಂತೆ ತಡೆಯುತ್ತವೆ. ಎರಡು ತಿಂಗಳ ನಂತರ ಟಿ.ಎಸ್.ಎಚ್. ಏರಿರುತ್ತದೆ, ಸುಸ್ತು ಹೆಚ್ಚಾಗಿರುತ್ತದೆ, ತೂಕ ಇಳಿಯುವುದು ನಿಂತಿರುತ್ತದೆ. ಮಾತ್ರೆಗೂ ಶೇಕ್‌ಗೂ ನಾಲ್ಕು ಗಂಟೆ ಅಂತರ ಇರಲಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಶೇಕ್‌ನಲ್ಲಿ ವಿಟಮಿನ್ ಕೆ ಇರುವುದರಿಂದ, ತಮ್ಮ ಹೃದಯ ವೈದ್ಯರಿಗೆ ತಿಳಿಸದೆ ಮುಟ್ಟಬಾರದು.

ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಹದಿನೆಂಟು ತುಂಬದವರು, ಕಿಡ್ನಿ ಅಥವಾ ಲಿವರ್ ಕಾಯಿಲೆ ಇರುವವರು ಊಟ ಬಿಟ್ಟು ಶೇಕ್ ಕುಡಿಯುವಂತಿಲ್ಲ. ಇದರಲ್ಲಿ ಚರ್ಚೆ ಬೇಡ. ಆರೋಗ್ಯವಂತರಲ್ಲಿಯೂ ತೂಕ ಬಹಳ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಎರಡು ಮೂರು ತಿಂಗಳ ನಂತರ ತಲೆಗೂದಲು ಹಿಡಿ ಹಿಡಿಯಾಗಿ ಉದುರುವುದೂ ಇದೆ. ಹೆಣ್ಣುಮಕ್ಕಳು ಅದಕ್ಕೆ ಬಚ್ಚಲಿನ ಬೋರ್ ನೀರನ್ನು ದೂರುತ್ತಾರೆ.

ಡಬ್ಬದ ಹಿಂಬದಿ

ಇನ್ನು ಹಲಾಲ್ ಪ್ರಶ್ನೆ. ಇದಕ್ಕೆ ಹಳೆಯದೊಂದು ಘಟನೆಯ ಹಿನ್ನೆಲೆ ಇದೆ. 1976ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಲಿನ್ ಎಂಬ ವೈದ್ಯರ ಪುಸ್ತಕದಿಂದ ‘ದ್ರವ ಪ್ರೊಟೀನ್’ ಪಥ್ಯ ಬಹಳ ಜನಪ್ರಿಯವಾಯಿತು. ಆ ಪ್ರೊಟೀನನ್ನು ಕಸಾಯಿಖಾನೆಯಲ್ಲಿ ಉಳಿದ ಚರ್ಮ, ಎಲುಬು, ಸ್ನಾಯುರಜ್ಜುಗಳಿಂದ ತೆಗೆಯುತ್ತಿದ್ದರು. ಅದು ಕೊಲಾಜೆನ್, ಶರೀರಕ್ಕೆ ಬೇಕಾದ ಎಲ್ಲ ಅಮೈನೋ ಆಮ್ಲಗಳೂ ಅದರಲ್ಲಿಲ್ಲ. ಅದನ್ನೇ ತಿಂಗಳುಗಟ್ಟಲೆ ಕುಡಿದವರಲ್ಲಿ ಸುಮಾರು 60 ಸಾವುಗಳು ವರದಿಯಾದವು, ಹೆಚ್ಚಿನವರು ಹೆಂಗಸರು. ಹಲವರಲ್ಲಿ ಹೃದಯದ ಬಡಿತವೇ ತಾಳ ತಪ್ಪಿತ್ತು. ಇಂದಿನ ಶೇಕ್‌ಗಳಲ್ಲಿ ಸೋಯಾ ಮತ್ತು ಹಾಲಿನ ಪೂರ್ಣ ಪ್ರೊಟೀನ್ ಬಳಸುವುದಕ್ಕೆ ಅಂದು ಕಲಿತ ಪಾಠವೂ ಒಂದು ಕಾರಣ. ಆದರೆ ‘ಚರ್ಮಕ್ಕೆ ಹೊಳಪು’ ಎಂದು ಕೊಲಾಜೆನ್ ಪುಡಿಗಳು ಮತ್ತೆ ಮಾರುಕಟ್ಟೆಗೆ ಬಂದಿವೆ. ಅದನ್ನು ಊಟದ ಬದಲಿಗೆ ಕುಡಿಯಬೇಡಿ. ಯಾವ ಪ್ರಾಣಿಯದು, ಹೇಗೆ ಝಬಹ್ ಆದದ್ದು ಎಂಬುದು ಡಬ್ಬದ ಮೇಲೆ ಇಲ್ಲದಿದ್ದರೆ ಮುಟ್ಟದಿರುವುದೇ ಸರಿ.

ನಮ್ಮ ದೇಶದ ಕಾಯಿದೆ ಇಲ್ಲಿ ನಮಗೆ ಅನುಕೂಲವಾಗಿದೆ. ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಜೆಲಟಿನ್, ಕೊಲಾಜೆನ್ ಇಲ್ಲವೆಂದು ಅರ್ಥ; ಕಂದು ತ್ರಿಕೋನ ಇದ್ದರೆ ಮಾಂಸಾಹಾರಿ ಅಂಶ ಇದೆ. ಹಸಿರು ಚುಕ್ಕೆಯ ಡಬ್ಬದಲ್ಲೂ ಸುವಾಸನೆಗೆ ಬಳಸಿದ ದ್ರಾವಕದ ಬಗ್ಗೆ ಸಂಶಯವಿರುವವರು ಹಲಾಲ್ ಪ್ರಮಾಣಪತ್ರ ನೋಡಲಿ, ಉಲಮಾಗಳನ್ನು ಕೇಳಲಿ. ಅದು ವೈದ್ಯರ ವಿಷಯವಲ್ಲ. 14 ಅಂಕಿಗಳ ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆ ಇರಲೇಬೇಕು. ಈ ಬಗೆಯ ಪೂರಕ ಆಹಾರಗಳ ಮೇಲೆ ‘ಔಷಧಿಯಾಗಿ ಬಳಸಲು ಅಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಹುಡುಕಿ ನೋಡಿ. ಮಧುಮೇಹ, ಪಿ.ಸಿ.ಓ.ಡಿ. ವಾಸಿಯಾಗುತ್ತದೆ ಎಂದು ಹೇಳಿ ಮಾರುವವರ ಮುಂದೆ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ.

ಒಂದು ಹೊತ್ತಿನ ಊಟಕ್ಕೆ ಬದಲಾಗಿ ಕುಡಿಯುವ ಶೇಕ್ ಹೇಗಿರಬೇಕು ಎಂಬುದಕ್ಕೆ ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡ 1991ರಲ್ಲೇ ಅಳತೆ ಕೊಟ್ಟಿದೆ. 200ರಿಂದ 400 ಕ್ಯಾಲೊರಿ ಇರಬೇಕು, ಅದರಲ್ಲಿ ಕನಿಷ್ಠ ಕಾಲು ಭಾಗ ಪ್ರೊಟೀನ್‌ನಿಂದ ಬರಬೇಕು. ಅಂದರೆ 250 ಕ್ಯಾಲೊರಿಯ ಲೋಟದಲ್ಲಿ ಸುಮಾರು 16 ಗ್ರಾಂ ಪ್ರೊಟೀನ್. ಲೇಬಲ್ಲಿನಲ್ಲಿ ಬರೆದ ಪ್ರೊಟೀನ್ ಪುಡಿಯದ್ದೋ, ಹಾಲು ಬೆರೆಸಿದ ಮೇಲಿನದ್ದೋ ಎಂದು ಗಮನಿಸಿ. ನೀರಿನಲ್ಲಿ ಕಲಸಿದರೆ ಹಾಲಿನ 8 ಗ್ರಾಂ ಹೋಯಿತು.

ಕ್ಲಬ್‌ಗಳ ವ್ಯವಹಾರದ ಬಗ್ಗೆಯೂ ತಿಳಿದಿರಲಿ. ಹೆಚ್ಚಿನವು ಬಹುಹಂತದ ಮಾರಾಟದ ಪದ್ಧತಿಯಲ್ಲಿ ನಡೆಯುತ್ತವೆ. ತೂಕ ಇಳಿಸಲು ಹೋದ ಗೃಹಿಣಿಗೆ ಮೂರನೇ ತಿಂಗಳಲ್ಲಿ ‘ನೀವೂ ಕೋಚ್ ಆಗಿ, ಮನೆಯಲ್ಲೇ ಕುಳಿತು ಸಂಪಾದಿಸಿ’ ಎಂಬ ಮಾತು ಬರುತ್ತದೆ. ಇಂಥ ಕಂಪೆನಿಗಳಲ್ಲಿ ದೊಡ್ಡದಾದ ಹರ್ಬಲೈಫ್ ವಿರುದ್ಧ, ವಿತರಕರಿಗೆ ಗಳಿಕೆಯ ಬಗ್ಗೆ ದಾರಿ ತಪ್ಪಿಸುವ ಭರವಸೆ ಕೊಟ್ಟಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2016ರ ಒಪ್ಪಂದದಲ್ಲಿ ಕಂಪೆನಿ 20 ಕೋಟಿ ಡಾಲರ್ ಕೊಡಲು ಮತ್ತು ಅಲ್ಲಿನ ತನ್ನ ಮಾರಾಟ ಪದ್ಧತಿಯನ್ನು ಬದಲಿಸಲು ಒಪ್ಪಿತು. ಭಾರತದಲ್ಲಿ 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಮನೆಯ ಚಿನ್ನ ಅಡವಿಟ್ಟು ಡಬ್ಬಗಳನ್ನು ಕೊಂಡಿಡುವ ಮೊದಲು ಗಂಡ ಹೆಂಡತಿ ಕುಳಿತು ಇದನ್ನು ಓದಿಕೊಳ್ಳುವುದು ಒಳ್ಳೆಯದು. ಕ್ಲಬ್ಬಿನಲ್ಲಿ ಒಳ್ಳೆಯ ಸಂಗತಿ ಇಲ್ಲವೆಂದಲ್ಲ. ದಿನಾ ತೂಕ ನೋಡುವುದು, ನಾಲ್ಕು ಜನ ಕೂಡಿ ನಡೆಯುವುದು, ಬಿಟ್ಟರೆ ಕೇಳುವವರು ಇರುವುದು ಇವೆಲ್ಲ ಪ್ರಯೋಜನಕರ. ಅವು ಡಬ್ಬವಿಲ್ಲದೆಯೂ ಸಾಧ್ಯ. ನಿಮ್ಮ ಬೀದಿಯ ನಾಲ್ಕು ಹೆಂಗಸರು ಫಜ್ರ್ ನಂತರ ಪಾರ್ಕಿನಲ್ಲಿ ನಲವತ್ತೈದು ನಿಮಿಷ ಬಿರುಸಾಗಿ ನಡೆದರೆ ಅದೂ ಒಂದು ಕ್ಲಬ್ಬೇ.

ಮನೆಯಲ್ಲೇ ಅದೇ ಲೆಕ್ಕ

ಮೊದಲು ನಿಮಗೆ ತೂಕ ಇಳಿಸುವ ಅಗತ್ಯ ಇದೆಯೇ ಎಂದು ನೋಡಿಕೊಳ್ಳಿ. ದರ್ಜಿಯ ಟೇಪಿನಿಂದ ಸೊಂಟ ಅಳೆಯಿರಿ. ನಮ್ಮ ದೇಶದವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯ ಗೆರೆ. ಅದರೊಳಗಿರುವ ಹುಡುಗಿಯರು ಗಂಡಿನ ಮನೆಯವರ ಮಾತಿಗೆ ಹೆದರಿ ಊಟ ಬಿಡಬೇಕಿಲ್ಲ.

ಅಗತ್ಯವಿದ್ದರೆ, ಬೆಳಗಿನ ಒಂದು ಹೊತ್ತನ್ನು ಹೀಗೆ ಬದಲಿಸಿ ನೋಡಿ. ಬೇಯಿಸಿದ ಎರಡು ಮೊಟ್ಟೆ, 30 ಗ್ರಾಂ ಹೆಸರುಬೇಳೆಯನ್ನು ನೆನೆಸಿ ಸೌತೆಕಾಯಿ, ತುರಿದ ಕ್ಯಾರೆಟ್, ಕೊತ್ತಂಬರಿ, ನಿಂಬೆರಸ ಸೇರಿಸಿದ ದೊಡ್ಡ ಬಟ್ಟಲು ಕೋಸಂಬರಿ, 30 ಗ್ರಾಂ ರಾಗಿ ಹಿಟ್ಟಿನ ಅಂಬಲಿ. ಒಟ್ಟು ಸುಮಾರು 350 ಕ್ಯಾಲೊರಿ, 21 ಗ್ರಾಂ ಪ್ರೊಟೀನ್. ಶೇಕ್‌ಗಿಂತ ಕ್ಯಾಲೊರಿ ಸ್ವಲ್ಪ ಹೆಚ್ಚು. ಆದರೆ ತಿನ್ನಲು ಇಪ್ಪತ್ತು ನಿಮಿಷ ಬೇಕು, ಮಧ್ಯಾಹ್ನದವರೆಗೆ ಹಸಿವು ಕಾಡುವುದಿಲ್ಲ, ರಾಗಿಯಿಂದ ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಸಿಗುತ್ತದೆ. ಇಬ್ನ್ ಸೀನಾ ಹೇಳಿದ ‘ಪ್ರಮಾಣ ಹೆಚ್ಚು, ಪೋಷಣೆ ಹಗುರ’ ಎಂಬುದು ಆ ಕೋಸಂಬರಿಯ ಬಟ್ಟಲಿನಲ್ಲಿದೆ. ರಾಗಿ ಅಂಬಲಿಯೊಂದನ್ನೇ ಕುಡಿದು ‘ದೇಸಿ ಶೇಕ್’ ಎಂದುಕೊಳ್ಳುವವರಿಗೆ ಹೇಳಬೇಕು: 30 ಗ್ರಾಂ ರಾಗಿಯಲ್ಲಿ ಪ್ರೊಟೀನ್ ಎರಡು ಗ್ರಾಂ ಮಾತ್ರ. ಮೊಟ್ಟೆ ಒಲ್ಲದವರು 50 ಗ್ರಾಂ ಹುರಿಗಡಲೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಕೊಳ್ಳಬಹುದು.

ಉಳಿದ ಎರಡು ಹೊತ್ತಿನ ಊಟದಲ್ಲಿ ಹೊಟ್ಟೆಯ ಮೂರರಲ್ಲೊಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂದು ಪ್ರವಾದಿ(ಸ)ರು ತಿಳಿಸಿದ ಅಳತೆ ನಮಗೆಲ್ಲ ಗೊತ್ತು. ಅದು ಗರಿಷ್ಠ ಮಿತಿ ಎಂಬುದನ್ನು ಮರೆಯುತ್ತೇವೆ. ಬೆನ್ನು ನೇರವಾಗಿ ನಿಲ್ಲಲು ಕೆಲವು ತುತ್ತುಗಳೇ ಸಾಕೆಂಬ ಮಾತು ಅದೇ ಹದೀಸಿನಲ್ಲಿ ಮೊದಲು ಬರುತ್ತದೆ.

ಊಟದ ಪಟ್ಟಿ ಮಾಡಿಸಿಕೊಳ್ಳಬೇಕೆನ್ನುವವರು ದೂರ ಹೋಗಬೇಕಿಲ್ಲ. ಡಾ. ಸಿದ್ದಯ್ಯ ಪುರಾಣಿಕ ರಸ್ತೆಯಲ್ಲಿ ಸರಕಾರಿ ಯುನಾನಿ ವೈದ್ಯಕೀಯ ಕಾಲೇಜು ಇದೆ. ಮಾಗಡಿ ರಸ್ತೆಯಲ್ಲಿ ಮುಂದೆ ಹೋದರೆ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಹೋಗುವಾಗ ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ಮತ್ತು ಕುಡಿಯುತ್ತಿರುವ ಶೇಕ್‌ನ ಡಬ್ಬ ಎರಡನ್ನೂ ಜೊತೆಗೆ ಒಯ್ಯಿರಿ.

ರಮಝಾನ್‌ನಲ್ಲಿ ಶೇಕ್

ಸಹ್ರಿಗೆ ಅಡುಗೆ ಮಾಡುವ ತೊಂದರೆ ತಪ್ಪುತ್ತದೆಂದು ಶೇಕ್ ಕುಡಿದು ಉಪವಾಸ ಹಿಡಿಯುವವರು ಹೆಚ್ಚುತ್ತಿದ್ದಾರೆ. ದ್ರವ ಆಹಾರ ಬೇಗ ಇಳಿದುಹೋಗುವುದರಿಂದ ಝುಹ್ರ್ ಹೊತ್ತಿಗೇ ನಿತ್ರಾಣ, ತಲೆನೋವು. ಆ ಹಸಿವು ಇಫ್ತಾರ್‌ನಲ್ಲಿ ಸಮೋಸದ ತಟ್ಟೆಯ ಮೇಲೆ ತೀರುತ್ತದೆ. ಒಂದು ದೊಡ್ಡ ಮೆಡ್ಜೂಲ್ ಖರ್ಜೂರದಲ್ಲೇ ಸುಮಾರು 65 ಕ್ಯಾಲೊರಿ ಇರುವಾಗ ಖರ್ಜೂರದ ಮಿಲ್ಕ್‌ಶೇಕ್ ಎರಡು ಲೋಟ ಕುಡಿದರೆ ಸಹ್ರಿಯಲ್ಲಿ ಉಳಿಸಿದ್ದೆಲ್ಲ ಖರ್ಚು. ಸಹ್ರಿಗೆ ಮೊಟ್ಟೆ, ಮೊಸರು, ಕಾಳಿನ ಪಲ್ಯ, ಒಂದು ಗೋಧಿ ರೊಟ್ಟಿ ಇರಲಿ. ಶೇಕ್ ಕುಡಿಯಲೇಬೇಕೆಂದಿದ್ದರೆ ಮಗ್ರಿಬ್ ನಂತರ, ಕರಿದ ತಿಂಡಿಯ ಬದಲಿಗೆ ಕುಡಿಯಿರಿ.

ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಮೇಲಿರುವವರು ಸಹ್ರಿಗೆ ಶೇಕ್ ಮಾತ್ರ ಕುಡಿದು ಎಂದಿನ ಪ್ರಮಾಣದ ಔಷಧಿ ತೆಗೆದುಕೊಂಡು ಉಪವಾಸ ಮುಂದುವರಿಸಬಾರದು. ಮಾತ್ರೆಯ ಹೊತ್ತು ಮತ್ತು ಪ್ರಮಾಣ ಬದಲಿಸಿ, ಹೊಸ ಪ್ರಮಾಣದಲ್ಲಿ ಕೆಲವು ದಿನ ಸಕ್ಕರೆ ಪರೀಕ್ಷಿಸಿ ನೋಡಲು ಸಮಯ ಬೇಕಾಗುತ್ತದೆ. ಚಂದ್ರದರ್ಶನದ ರಾತ್ರಿ ಫೋನ್ ಮಾಡಿದರೆ ಯಾವ ವೈದ್ಯರೂ ಅದನ್ನು ಸರಿಯಾಗಿ ಮಾಡಲಾರರು. ಶಾಬಾನ್ ತಿಂಗಳ ಮೊದಲ ವಾರದಲ್ಲೇ ಭೇಟಿ ಮಾಡಿ.